ಮೊದಲು ಡಬಲ್ ಸ್ಟ್ಯಾಂಡ್, ಆಮೇಲೆ ಬಕೆಟ್

ಗಾಡಿ ತೊಳೆಯಲು ಕೂರುವ ಮೊದಲು ಪೋರ್ಟಿಕೊದ ನೆಲದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಯಾವ ಕಡೆ ಹರಿಯಿತು, ಎಷ್ಟು ಬೇಗ ಹರಿಯಿತು ಅನ್ನುವುದನ್ನು ಗಮನಿಸಿದರೆ ಬೈಕನ್ನು ಎಲ್ಲಿ, ಯಾವ ಕಡೆ ಮುಖ ಮಾಡಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ. ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ 30×40ರ ಸೈಟುಗಳಲ್ಲಿ ಸಮತಟ್ಟಾದ ನೆಲ ಸಿಗುವುದು ಅಪರೂಪ. ಮಳೆನೀರು ಗೇಟಿನ ಕಡೆ ಹೋಗಲೆಂದು ಮೇಸ್ತ್ರಿ ಪೋರ್ಟಿಕೊಗೆ ವಾಟ ಕೊಟ್ಟಿರುತ್ತಾನೆ. ಗೇಟು ದಾಟಿದರೆ ಮೋರಿ ಮೇಲಿನ ಚಪ್ಪಡಿ, ಅದರಾಚೆ ರಸ್ತೆಗಿಳಿಯುವ ರ‍್ಯಾಂಪು. ಓಡಾಡುವಾಗ ಕಾಲಿಗೆ ತಿಳಿಯದ ಈ ಇಳಿಜಾರು ಇನ್ನೂರು ಕೆ.ಜಿ. ಹತ್ತಿರದ ಗಾಡಿಗೆ ಚೆನ್ನಾಗಿ ತಿಳಿಯುತ್ತದೆ.

ಪೋರ್ಟಿಕೊ ಒಳಗಾದರೆ ಗಾಡಿಯ ಮುಖ ಮನೆಯ ಕಡೆ, ಬೆನ್ನು ಗೇಟಿನ ಕಡೆ ಇರಲಿ. ಸೈಡ್ ಸ್ಟ್ಯಾಂಡ್ ಆಗಲಿ, ಡಬಲ್ ಸ್ಟ್ಯಾಂಡ್ ಆಗಲಿ, ಎರಡೂ ಹಿಂದಕ್ಕೆ ಮಡಚಿಕೊಳ್ಳುವಂಥವು. ಗಾಡಿ ಮುಂದಕ್ಕೆ ಜರುಗಿದರೆ ಸ್ಟ್ಯಾಂಡು ತಾನಾಗಿ ಮಡಚಿಕೊಳ್ಳುತ್ತದೆ. ಮುಖ ಇಳಿಜಾರಿನ ಕಡೆಗಿದ್ದರೆ ಗಾಡಿಯ ಭಾರವೇ ಆ ಕೆಲಸಕ್ಕೆ ಸಾಕು. ಏರಿನ ಕಡೆ ಮುಖವಿದ್ದರೆ ಅದೇ ಭಾರ ಸ್ಟ್ಯಾಂಡನ್ನು ತಡೆಗೆ ಒತ್ತಿ ಹಿಡಿಯುತ್ತದೆ. ಸೈಡ್ ಸ್ಟ್ಯಾಂಡಿಗೆ ಇನ್ನೊಂದು ಎಚ್ಚರ ಬೇಕು. ಅದು ಇರುವುದು ಎಡಕ್ಕೆ. ನೆಲ ಬಲಕ್ಕೆ ಇಳಿದಿದ್ದರೆ ಗಾಡಿ ಬೇಕಾದಷ್ಟು ವಾಲದೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಆಗ ಬಲಗಡೆಯಿಂದ ಸಿಲಿಂಡರಿನ ರೆಕ್ಕೆಗಳನ್ನು ಉಜ್ಜುತ್ತಾ ಕೂತವರು ಹ್ಯಾಂಡಲ್ ಹಿಡಿದು ಎದ್ದರೆ ಗಾಡಿ ಅವರ ಮೇಲೇ ಬರುತ್ತದೆ.

ಸೈಡ್ ಸ್ಟ್ಯಾಂಡ್ ಇರುವುದು ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸುವುದಕ್ಕೆ. ಆ ಭಂಗಿಯಲ್ಲಿ ತೊಳೆದರೆ ಎಡಭಾಗದ ಅಡಿ ಕಾಣುವುದಿಲ್ಲ, ಹಿಂದಿನ ಚಕ್ರ ತಿರುಗುವುದಿಲ್ಲ, ಆಯಿಲ್ ಮಟ್ಟವನ್ನೂ ಸರಿಯಾಗಿ ನೋಡಲಾಗುವುದಿಲ್ಲ. ಮನೆಯಲ್ಲೇ ಗಾಡಿಯ ಆರೈಕೆ ಮಾಡುವವರಿಗೆ ಡಬಲ್ ಸ್ಟ್ಯಾಂಡ್ ಬೇಕೇ ಬೇಕು.

ಅದನ್ನು ಹಾಕುವ ಬಗೆಯನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸೊಂಟ ಹಿಡಿದುಕೊಳ್ಳುವುದು ಇಲ್ಲಿಯೇ. ಗಾಡಿಯ ಎಡಕ್ಕೆ ನಿಲ್ಲಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಪಕ್ಕದ ಹಿಡಿಕೆಯ ಮೇಲೆ. ಹ್ಯಾಂಡಲ್ ನೇರವಾಗಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಬಲಗಾಲಿನಿಂದ ಸ್ಟ್ಯಾಂಡನ್ನು ಕೆಳಗಿಳಿಸಿ. ಮೊದಲು ಒಂದು ಪಾದ ಮಾತ್ರ ನೆಲಕ್ಕೆ ತಾಗುತ್ತದೆ. ಗಾಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ಎರಡನೆಯದೂ ತಾಗಿ, ಅಂಗಾಲಿನಡಿ ‘ಟಕ್’ ಎಂದು ಸ್ಟ್ಯಾಂಡು ಗಟ್ಟಿಯಾಗಿ ಕೂತದ್ದು ತಿಳಿಯುತ್ತದೆ. ಅಲ್ಲಿಯವರೆಗೆ ತುಳಿಯಬೇಡಿ. ತಿಳಿದ ಮೇಲೆ ಬೆನ್ನು ನೆಟ್ಟಗಿಟ್ಟು ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಮೆಟ್ಟಿಲು ಹತ್ತುವ ಹಾಗೆ ಸ್ಟ್ಯಾಂಡಿನ ಮೇಲೆ ಎದ್ದು ನಿಲ್ಲಿ. ಬಲಗೈ ಮೇಲಕ್ಕೂ ಹಿಂದಕ್ಕೂ ದಾರಿ ತೋರಿಸಿದರೆ ಸಾಕು, ಎತ್ತುವುದು ಕಾಲಿನ ಕೆಲಸ. 112 ಕೆ.ಜಿ.ಯ ಸ್ಪ್ಲೆಂಡರಿಗೂ 195 ಕೆ.ಜಿ.ಯ ಕ್ಲಾಸಿಕ್ 350ಗೂ ಕ್ರಮ ಒಂದೇ. ಸ್ಟ್ಯಾಂಡಿನ ಕಾಲು ಸನ್ನೆಗೋಲು. ಕೈಬಲ ನೆಚ್ಚಿದವರು ಏದುಸಿರು ಬಿಡುವ ಗಾಡಿಯನ್ನು ಐವತ್ತು ಕೆ.ಜಿ. ತೂಕದ ಹುಡುಗಿ ಸಲೀಸಾಗಿ ಏರಿಸಬಲ್ಲಳು. ಚಪ್ಪಲಿ ಮಾತ್ರ ಬೇಡ, ಅಡಿ ಜಾರದ ಶೂ ಹಾಕಿಕೊಳ್ಳಿ. ಗ್ರಾನೈಟ್ ಅಥವಾ ನುಣುಪು ಟೈಲ್ಸ್ ಇದ್ದರೆ ಸ್ಟ್ಯಾಂಡಿನ ಪಾದಗಳ ಕೆಳಗೆ ಹಳೇ ರಬ್ಬರ್ ಮ್ಯಾಟ್ ಹಾಕಿ. ಸೋಪಿನ ನೀರು ಬಿದ್ದ ಟೈಲ್ಸಿನ ಮೇಲೆ ಕಬ್ಬಿಣದ ಪಾದಕ್ಕೆ ಹಿಡಿತವಿರುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ಆ ಗಾಡಿಗಳೊಂದಿಗೆ ಬೆಳೆದವರಿಗೆ ಡಬಲ್ ಸ್ಟ್ಯಾಂಡ್ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ಬುಲೆಟ್ಟಿನವರಂತೂ ಬೆಳಗ್ಗೆ ಡಬಲ್ ಸ್ಟ್ಯಾಂಡ್ ಹಾಕಿಯೇ ಕಿಕ್ ಹೊಡೆಯುತ್ತಿದ್ದರು. ಬೆಂಗಳೂರಿನಲ್ಲಿ ಜುಲೈ ತಿಂಗಳ ಜಾವಾ ದಿನಕ್ಕೆ ಬರುವ ಹಳೇ ಗಾಡಿಗಳು ಸಾಲಾಗಿ ನೆಟ್ಟಗೆ ನಿಂತಿರುವುದನ್ನು ಒಮ್ಮೆ ಹೋಗಿ ನೋಡಿ. ಅವುಗಳ ಚೈನ್ ಕೇಸು, ಸ್ಪೋಕು, ಹಬ್ಬುಗಳ ಹೊಳಪು ಚಕ್ರ ತಿರುಗಿಸುತ್ತಾ ಒರೆಸಿದವರ ಕೈಯದು. ಈಗಿನ ಕೆಟಿಎಂ ಡ್ಯೂಕ್, ಯಮಹಾ ಆರ್15ನಂಥ ಗಾಡಿಗಳಲ್ಲಿ ಡಬಲ್ ಸ್ಟ್ಯಾಂಡೇ ಇಲ್ಲ. ತೂಕ ಇಳಿಯಬೇಕು, ತಿರುವಿನಲ್ಲಿ ವಾಲಿದಾಗ ಅಡಿಯಲ್ಲಿ ಏನೂ ತಾಗಬಾರದು ಎಂಬ ಕಾರಣ ರೇಸಿನ ಗಾಡಿಗೆ ಸರಿ. ದಿನಾ ಕೆಂಗೇರಿಯಿಂದ ಮೈಸೂರು ರಸ್ತೆಯ ದೂಳಿನಲ್ಲಿ ಆಫೀಸಿಗೆ ಹೋಗಿಬರುವ ಗಾಡಿಗೆ ಆ ಕಾರಣವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲೇ ಚೈನ್ ನೋಡಿಕೊಳ್ಳುವ, ಪಂಚರ್ ಆದ ಚಕ್ರ ಬಿಚ್ಚುವ ಅನುಕೂಲವನ್ನು ಡಬಲ್ ಸ್ಟ್ಯಾಂಡಿನ ಕೊರತೆ ಕೊಂಡವರಿಂದ ಕಿತ್ತುಕೊಂಡಿದೆ. ಕೊಳ್ಳುವಾಗಲೇ ಶೋರೂಮಿನಲ್ಲಿ ಡಬಲ್ ಸ್ಟ್ಯಾಂಡ್ ಇದೆಯೇ, ಇಲ್ಲದಿದ್ದರೆ ಕಂಪನಿಯದೇ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ.

ಈಗಾಗಲೇ ಕೊಂಡವರಿಗೆ ಪ್ಯಾಡಕ್ ಸ್ಟ್ಯಾಂಡ್ ಇದೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮನ್ನು ಎರಡೂ ಕಡೆಯಿಂದ ಎತ್ತುವ, ಗಾಲಿ ಇರುವ ಕಬ್ಬಿಣದ ಚೌಕಟ್ಟು ಅದು. ಸ್ವಿಂಗ್ ಆರ್ಮಿನಲ್ಲಿ ಬಾಬಿನ್ (ಸ್ಟ್ಯಾಂಡಿನ ಕೊಕ್ಕೆ ಕೂರುವ ಗುಂಡಿ) ಕೂರಿಸಲು ಮರೆ, ಅಂದರೆ ಬೋಲ್ಟು ಬಿಗಿಯುವ ತಿರುಪಿನ ತೂತು, ಇದ್ದರೆ ಬಾಬಿನ್ ಹಾಕಿಸಿ, ಇಂಗ್ಲಿಷಿನ ‘ವಿ’ ಆಕಾರದ ಕೊಕ್ಕೆ ಇರುವ ಸ್ಟ್ಯಾಂಡ್ ಬಳಸಿ. ಬಾಬಿನ್ನಿನ ಬೋಲ್ಟು ಎಂ6, ಎಂ8, ಎಂ10 ಎಂದು ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಅಳತೆ ನೋಡದೆ ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತುಬರುತ್ತದೆ. ಮರೆ ಇಲ್ಲದ ಗಾಡಿಗೆ ರಬ್ಬರ್ ಹಾಸಿನ ಚಪ್ಪಟೆ ತೋಳುಗಳಿರುವ ಸ್ಟ್ಯಾಂಡೇ ಗತಿ. ಅದು ಜಾರುವ ಸಾಧ್ಯತೆ ಹೆಚ್ಚು.

ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಕಡೆಯವರಿಗೆ ಒಂದು ಅನುಕೂಲವಿದೆ. ಕಬ್ಬಿಣ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡುವ ಶೆಡ್ಡುಗಳು ಅಲ್ಲಿ ಬೇಕಾದಷ್ಟಿವೆ. ನಿಮ್ಮ ಗಾಡಿಯ ಅಳತೆಗೇ ಸ್ಟ್ಯಾಂಡ್ ಮಾಡಿಸಬಹುದು. ಮಾಡಿಸುವಾಗ ತಳದ ಅಗಲದಲ್ಲಿ ಜಿಪುಣತನ ಬೇಡ, ಗಾಡಿಯನ್ನು ಪಕ್ಕಕ್ಕೆ ಬೀಳದಂತೆ ತಡೆಯುವುದೇ ಆ ಅಗಲ. ವೆಲ್ಡಿಂಗ್ ಪೈಪಿನ ಸುತ್ತ ಪೂರ್ತಿ ಬಂದಿರಬೇಕು, ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು ಬಣ್ಣ ಬಳಿದರೆ ಒಪ್ಪಿಕೊಳ್ಳಬೇಡಿ.

ಪ್ಯಾಡಕ್ ಸ್ಟ್ಯಾಂಡಿಗೆ ಏರಿಸುವಾಗ ಮೊದಮೊದಲು ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಲಿ, ಇನ್ನೊಬ್ಬರು ಹಿಂದಿನಿಂದ ಎರಡು ಕೊಕ್ಕೆಗಳೂ ಕೂತಿವೆಯೇ ಎಂದು ಕಣ್ಣಾರೆ ನೋಡಿ ಸ್ಟ್ಯಾಂಡನ್ನು ಕೆಳಗೊತ್ತಲಿ. ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಮುಂದಿನ ಬ್ರೇಕ್ ಲಿವರ್ ಕಟ್ಟಿಬಿಡಿ. ಗಾಡಿ ಪೂರ್ತಿ ಏರಿ ಅಲುಗಾಡದೆ ನಿಲ್ಲುವ ತನಕ ಸೈಡ್ ಸ್ಟ್ಯಾಂಡ್ ಇಳಿದೇ ಇರಲಿ.

ಬೇರೆ ದಾರಿಯಿಲ್ಲದೆ ಸೈಡ್ ಸ್ಟ್ಯಾಂಡ್ ಕೆಳಗೆ ಇಟ್ಟಿಗೆ ಇಟ್ಟು ಗಾಡಿಯನ್ನು ನೆಟ್ಟಗೆ ಮಾಡುವವರಿದ್ದಾರೆ. ಇಟ್ಟಿಗೆ ಒಡೆಯುತ್ತದೆ, ದಯವಿಟ್ಟು ಬಿಟ್ಟುಬಿಡಿ. ಚೈನಿಗೆ ಎಣ್ಣೆ ಹಾಕುವುದಷ್ಟೇ ಕೆಲಸವಾದರೆ, ಹಿಂದಿನ ಚಕ್ರ ತನ್ನ ಜಾಗದಲ್ಲೇ ಉರುಳುವಂತೆ ಮಾಡುವ ರೋಲರ್ ಹಲಗೆ ಸಾಕು, ಗಾಡಿ ಸೈಡ್ ಸ್ಟ್ಯಾಂಡಿನಲ್ಲೇ ಇರಬಹುದು.

ಚಕ್ರ ನೆಲಬಿಟ್ಟ ಕೂಡಲೇ ಒಂದು ಆಸೆ ಹುಟ್ಟುತ್ತದೆ: ಎಂಜಿನ್ ಚಾಲೂ ಮಾಡಿ, ಮೊದಲ ಗೇರಿಗೆ ಹಾಕಿ, ತಾನಾಗಿ ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದು. ಇದನ್ನು ಎಂದೂ ಮಾಡಬೇಡಿ. ಚೈನು ಸ್ಪ್ರಾಕೆಟ್ಟಿನ ಹಲ್ಲನ್ನು ಸೇರುವ ಜಾಗ ಬಟ್ಟೆಯ ಒಂದು ಎಳೆ ಸಿಕ್ಕರೂ ಬೆರಳನ್ನು ಒಳಗೆಳೆದುಕೊಳ್ಳುತ್ತದೆ. ನಿಧಾನ ತಿರುಗುವ ಎಂಜಿನ್ನಿಗೂ ಬೆರಳು ಕತ್ತರಿಸುವಷ್ಟು ಬಲವಿದೆ, ಕೈ ಹಿಂದೆಗೆಯುವಷ್ಟು ಸಮಯ ಸಿಗುವುದಿಲ್ಲ. ಎಂಜಿನ್ ಬಂದ್ ಮಾಡಿ, ಕೀ ತೆಗೆದು ಜೇಬಿಗಿಳಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಚೈನಿನ ಕೆಳಗಿನ ಎಳೆಯ ಮೇಲೆ, ಸ್ಪ್ರಾಕೆಟ್ಟಿನಿಂದ ದೂರದಲ್ಲಿ ಬ್ರಷ್ ಆಡಿಸಿ. ಟೈರಿಗೂ ಡಿಸ್ಕಿಗೂ ಎಣ್ಣೆ ಸಿಡಿಯದಂತೆ ಹಿಂದೆ ಒಂದು ರಟ್ಟು ಹಿಡಿಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಹೊತ್ತು ಅವರು ಪೋರ್ಟಿಕೊಗೆ ಬರುವುದು ಬೇಡ.

ನೆಟ್ಟಗೆ ನಿಂತ ಗಾಡಿಗೆ ನೀರೂ ಕಡಿಮೆ ಸಾಕು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆದರೂ ಆಯುಧ ಪೂಜೆಯ ಹಿಂದಿನ ಸಂಜೆ ನಮ್ಮ ಬಡಾವಣೆಗಳ ಮೋರಿಗಳಲ್ಲಿ ಸೋಪಿನ ನೊರೆ ಹರಿಯುತ್ತದೆ. ಪೈಪು ಹಿಡಿಯುವುದು ಕೈಗೆಟುಕದ ಜಾಗಗಳಿಗೆ. ಚಕ್ರ ತಿರುಗುವಂತಿದ್ದರೆ ಎಟುಕದ ಜಾಗವೇ ಉಳಿಯುವುದಿಲ್ಲ. ಬೋರಿನ ನೀರೋ, ಬಟ್ಟೆ ಜಾಲಿಸಿದ ನೀರೋ ಒಂದು ಬಕೆಟ್ ಇದ್ದರೆ, ಕೂತಲ್ಲೇ ಚಕ್ರವನ್ನು ಸ್ಪೋಕ್ ಸ್ಪೋಕ್ ತಿರುಗಿಸಿಕೊಂಡು ಒರೆಸಬಹುದು. ಚಕ್ರದ ಬೇರಿಂಗಿಗೆ ರಭಸದ ನೀರು ನುಗ್ಗುವ ಭಯವೂ ಇಲ್ಲ.

ಚಕ್ರ ಬಿಚ್ಚುವ ಕೆಲಸವಿದ್ದರೆ ಆಕ್ಸೆಲಿನ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ. ಸ್ಟ್ಯಾಂಡಿನ ಮೇಲಿರುವಾಗ ಮೈಭಾರ ಹಾಕಿ ಸ್ಪ್ಯಾನರ್ ಜಗ್ಗಿದರೆ ಗಾಡಿ ಸ್ಟ್ಯಾಂಡಿನಿಂದ ಮುಂದಕ್ಕೆ ಇಳಿದುಬಿಡಬಹುದು. ಡಬಲ್ ಸ್ಟ್ಯಾಂಡಿನ ಅಡ್ಡಪಟ್ಟಿಗೂ ಮುಂದಿನ ಚಕ್ರಕ್ಕೂ ಒಂದು ಹಗ್ಗ ಬಿಗಿದು ಕಟ್ಟಿದರೆ ಸ್ಟ್ಯಾಂಡು ಹಿಂದಕ್ಕೆ ಮಡಚುವ ದಾರಿಯೇ ಮುಚ್ಚುತ್ತದೆ. ಮುಂದಿನ ಚಕ್ರ ಬಿಚ್ಚುವಾಗ ಹಗ್ಗ ಕಟ್ಟಲು ಚಕ್ರವೇ ಇರುವುದಿಲ್ಲ. ಆಗ ಫ್ರೇಮಿನ ಗಟ್ಟಿ ಭಾಗದಡಿ ಮರದ ತುಂಡಿಟ್ಟು ಜಾಕ್ ಕೊಡಬೇಕು. ಸೈಲೆನ್ಸರಿಗಾಗಲಿ ಆಯಿಲ್ ತುಂಬಿದ ಎಂಜಿನ್ ತಳಕ್ಕಾಗಲಿ ಜಾಕ್ ತಾಗಿಸಬೇಡಿ.

ಇಷ್ಟು ನೋಡಿಕೊಂಡರೂ ಗಾಡಿ ವಾಲತೊಡಗಿದರೆ ಬಿಟ್ಟು ದೂರ ಸರಿಯಿರಿ. ವಾಲಿದ ಗಾಡಿಯ ಭಾರ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ, ತಡೆಯಲು ಹೋದವರ ಕಾಲು ಅಡಿಗೆ ಸಿಕ್ಕುತ್ತದೆ. ಮುರಿದ ಕ್ಲಚ್ ಲಿವರನ್ನು ಬದಲಿಸಬಹುದು. ಎತ್ತುವಾಗ ಗಾಡಿಗೆ ಬೆನ್ನು ಕೊಟ್ಟು ಸೀಟಿಗೆ ಒರಗಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ ಹಾಕಿ, ಸಣ್ಣ ಹೆಜ್ಜೆಗಳಲ್ಲಿ ಕಾಲಬಲದಿಂದ ಹಿಂದಕ್ಕೆ ತಳ್ಳುತ್ತಾ ಏಳಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ, ಇಲ್ಲದಿದ್ದರೆ ಗಾಡಿ ಎದ್ದು ಆಚೆ ಮಗ್ಗುಲಿಗೆ ಬೀಳುತ್ತದೆ.

ಸ್ಟ್ಯಾಂಡಿನ ಆರೈಕೆಯನ್ನೂ ಮರೆಯಬಾರದು. ತಿರುಗಣೆಯ ಬುಷ್ ಸವೆದರೆ ಗಾಡಿ ಒಂದು ಕಡೆಗೆ ವಾಲಿ ನಿಲ್ಲುತ್ತದೆ, ಗ್ರೀಸ್ ಒಣಗಿದರೆ ಸ್ಟ್ಯಾಂಡು ಪೂರ್ತಿ ಮೇಲೆ ಬರದೆ ರಸ್ತೆಯ ಉಬ್ಬಿಗೆ ತಾಗುತ್ತದೆ. ಸ್ಪ್ರಿಂಗ್ ಬದಲಿಸುವಾಗ ಹಳೆಯದನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಒಯ್ದು ಉದ್ದ, ದಪ್ಪ, ಕೊಕ್ಕೆ ಮೂರನ್ನೂ ಹೊಂದಿಸಿ ತನ್ನಿ. ಹೊಸ ಸ್ಪ್ರಿಂಗನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಹಾಕಲು ಹೋದರೆ ಅದು ಹಾರಿ ಮುಖಕ್ಕೆ ಬಡಿಯುತ್ತದೆ. ವೈಸಿನಲ್ಲಿ ಹಿಡಿದು ಪಕ್ಕಕ್ಕೆ ಬಗ್ಗಿಸುತ್ತಾ ಸುರುಳಿಗಳ ನಡುವೆ ಒಂದೊಂದೇ ವಾಷರ್ ತುರುಕಿ. ಸ್ಪ್ರಿಂಗ್ ಉದ್ದವಾಗಿಯೇ ಉಳಿಯುವುದರಿಂದ ಎರಡು ಕೊಕ್ಕೆಗಳೂ ಕೈಯಲ್ಲೇ ಕೂರುತ್ತವೆ. ಆಮೇಲೆ ಸ್ಟ್ಯಾಂಡನ್ನು ಒಮ್ಮೆ ಇಳಿಸಿ ಏರಿಸಿದರೆ ವಾಷರುಗಳು ಉದುರಿ ಕೆಳಗೆ ಬೀಳುತ್ತವೆ. ಹಾಕಿದ್ದಷ್ಟೂ ಬಿತ್ತೇ ಎಂದು ಎಣಿಸಿ ನೋಡಿ, ಒಂದು ಒಳಗೆ ಉಳಿದರೂ ಸ್ಪ್ರಿಂಗ್ ಪೂರ್ತಿ ಎಳೆಯುವುದಿಲ್ಲ.