ಮೊದಲು ಬೆಳಕೋ, ಸದ್ದೋ?

ಮಬ್ಬುಗತ್ತಲ ಕೋಣೆಯಲ್ಲಿ ಒಬ್ಬರನ್ನು ಕೂರಿಸುತ್ತಾರೆ. ಎದುರಿಗೆ ಪುಟ್ಟ ಎಲ್‌ಇಡಿ ದೀಪ, ಅದರ ಬೆನ್ನಿಗೇ ಒಂದು ಸ್ಪೀಕರ್. ದೀಪ ಮಿನುಗುತ್ತದೆ, ಟಿಕ್ ಎಂದು ಸದ್ದಾಗುತ್ತದೆ. ಎರಡರ ನಡುವಿನ ಅಂತರ ಪ್ರತಿ ಸಲವೂ ಬೇರೆ: ಒಮ್ಮೆ ದೀಪ 200 ಮಿಲಿಸೆಕೆಂಡ್ ಮುಂದೆ, ಒಮ್ಮೆ ಸದ್ದು 30 ಮಿಲಿಸೆಕೆಂಡ್ ಮುಂದೆ, ಒಮ್ಮೆ ಎರಡೂ ಒಟ್ಟಿಗೆ. ಕೂತವರು ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ನೂರಾರು ಸಲ ಒತ್ತಿಸಿದ ಮೇಲೆ ಉತ್ತರಗಳನ್ನು ನಕ್ಷೆಗೆ ಇಳಿಸಿ, ಅವುಗಳ ಮೂಲಕ ಒಂದು ವಕ್ರರೇಖೆ ಹಾಯಿಸಿ, ಎರಡು ಅಂಕಿಗಳನ್ನು ತೆಗೆಯುತ್ತಾರೆ. ಬೆಳಕು ಸದ್ದುಗಳು ಆ ವ್ಯಕ್ತಿಗೆ ಒಟ್ಟಿಗೇ ಬಂದಂತೆ ತೋರುವ ಬಿಂದು ಒಂದು. ಅವರು ಪತ್ತೆಹಚ್ಚಬಲ್ಲ ಅತಿ ಸಣ್ಣ ಅಂತರ ಇನ್ನೊಂದು.

ಈ ಪ್ರಯೋಗದ ಸರಳತೆ ನನಗೆ ಬಹಳ ಪ್ರಿಯವಾದದ್ದು. ಇನ್ನೊಬ್ಬರ ಒಳಗಿನ ಕಾಲವನ್ನು ಹೊರಗಿನಿಂದ ಅಳೆಯುತ್ತೇನೆಂದು ಹೊರಟ ವಿದ್ಯೆಗೆ ಇಷ್ಟು ಕಡಿಮೆ ಸಾಮಾನು ಸಾಕು ಎಂಬುದು ಸಣ್ಣ ಮಾತಲ್ಲ. ಆದರೆ ಎಲ್ಲವೂ ನಿಂತಿರುವುದು ಆ ಎರಡು ಗುಂಡಿಗಳ ಮೇಲೆ ಏನು ಬರೆದಿದೆ ಎಂಬುದರ ಮೇಲೆ.

ಕೆಲವು ಪ್ರಯೋಗಶಾಲೆಗಳಲ್ಲಿ ಪ್ರಶ್ನೆ ‘ಯಾವುದು ಮೊದಲು ಬಂತು?’ ಎಂದಿರುತ್ತದೆ. ಕೆಲವೆಡೆ ‘ಒಟ್ಟಿಗೆ ಬಂದವೋ ಇಲ್ಲವೋ?’ ಎಂದು ಕೇಳುತ್ತಾರೆ. ವ್ಯಕ್ತಿಯೊಳಗೆ ಏಕಕಾಲದ ಬಿಂದು ಅಂತ ಒಂದಿದ್ದರೆ ಎರಡೂ ಪ್ರಶ್ನೆಗಳು ಅದನ್ನೇ ಮುಟ್ಟಬೇಕು. ಮುಟ್ಟುವುದಿಲ್ಲ. 2008ರಲ್ಲಿ ವಾನ್ ಐಕ್ ಮತ್ತು ಸಂಗಡಿಗರು ಒಂದೇ ಜನರಿಗೆ ಎರಡೂ ಬಗೆಯ ಪ್ರಶ್ನೆ ಹಾಕಿ ನೋಡಿದರು. ‘ಒಟ್ಟಿಗೆಯೇ?’ ಎಂದಾಗ ಬಿಂದು ದೃಶ್ಯ ಮುಂದಿರುವ ಕಡೆ ಸಿಕ್ಕಿತು, ‘ಯಾವುದು ಮೊದಲು?’ ಎಂದಾಗ ಎಷ್ಟೋ ಸಲ ಸದ್ದು ಮುಂದಿರುವ ಕಡೆಗೆ ಸರಿಯಿತು. ಒಂದರ ಅಂಕಿಯಿಂದ ಇನ್ನೊಂದನ್ನು ಊಹಿಸಲೂ ಆಗಲಿಲ್ಲ. ಐದು ವರ್ಷಗಳ ಬಳಿಕ ಲವ್ ಮತ್ತು ಜೊತೆಗಾರರು ಬೇರೆ ಬೇರೆ ದೃಶ್ಯ-ಶಬ್ದಗಳನ್ನಿಟ್ಟು ಮಾಡಿದ ಅಧ್ಯಯನದಲ್ಲೂ ಎರಡಕ್ಕೂ ತಾಳೆಯಾಗಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ‘ಯಾವುದು ಮೊದಲು’ ಎಂಬ ಪ್ರಶ್ನೆಗೆ ‘ಗೊತ್ತಾಗಲಿಲ್ಲ’ ಎಂಬ ಗುಂಡಿ ಇರುವುದಿಲ್ಲ. ಅಂತರ ತೀರಾ ಸಣ್ಣದಾದಾಗ ಊಹಿಸಿಯೇ ಒತ್ತಬೇಕು. ಊಹಿಸುವವರು ಸುಮ್ಮನೆ ‘ಬೆಳಕು’ ಎನ್ನುವ ರೂಢಿಯವರಾದರೆ ಇಡೀ ವಕ್ರರೇಖೆ ಒಂದು ಕಡೆಗೆ ಜರುಗುತ್ತದೆ, ಆ ಜರುಗುವಿಕೆ ಗ್ರಹಿಕೆಯ ಹೆಸರಿನಲ್ಲಿ ಅಚ್ಚಾಗುತ್ತದೆ. ಇನ್ನೊಂದು ಪ್ರಶ್ನೆಯ ರೋಗ ಬೇರೆ. ಉದಾರ ಸ್ವಭಾವದವರು ಸ್ವಲ್ಪ ಹಿಂದುಮುಂದಾದರೂ ‘ಒಟ್ಟಿಗೆ’ ಅನ್ನುತ್ತಾರೆ, ಕಟ್ಟುನಿಟ್ಟಿನವರು ಕೂಡಲೇ ‘ಇಲ್ಲ’ ಅನ್ನುತ್ತಾರೆ. ಇಬ್ಬರ ಕಣ್ಣು ಕಿವಿ ಒಂದೇ ಥರ ಇದ್ದರೂ ಅಂಕಿ ಬೇರೆಯಾಗುತ್ತದೆ.

ಈ ತೊಡಕನ್ನು ಕೈಯಲ್ಲಿ ಹಿಡಿದು ಬಿಡಿಸಿದವರೂ ಇದ್ದಾರೆ. ಗಮನ ಕೊಟ್ಟ ವಸ್ತು ಬೇಗ ಅರಿವಿಗೆ ಬರುತ್ತದೆ ಎಂದು ಮನೋವಿಜ್ಞಾನಿ ಟಿಚನರ್ 1908ರಲ್ಲಿ ನಿಯಮದಂತೆ ಬರೆದಿಟ್ಟಿದ್ದ. ಪರೀಕ್ಷಿಸುವುದು ಹೇಗೆ? ‘ಬೆಳಕನ್ನು ಗಮನಿಸಿ’ ಎಂದು ಹೇಳಿ ‘ಯಾವುದು ಮೊದಲು’ ಎಂದು ಕೇಳಿದರೆ, ಅನುಮಾನ ಬಂದಾಗ ನಾಲಿಗೆಗೆ ಬರುವುದು ಬೆಳಕೇ. 2001ರಲ್ಲಿ ಶೋರ್, ಸ್ಪೆನ್ಸ್, ಕ್ಲೈನ್ ಅರ್ಧ ಪ್ರಯೋಗದಲ್ಲಿ ಪ್ರಶ್ನೆಯನ್ನೇ ತಿರುಗಿಸಿ ‘ಯಾವುದು ಆಮೇಲೆ?’ ಎಂದು ಕೇಳಿದರು. ಗಮನದ ಪ್ರಭಾವ ನಿಜವಾದರೆ ಪ್ರಶ್ನೆ ತಿರುಗಿದರೂ ಅದು ಉಳಿಯಬೇಕು. ಬರೀ ಉತ್ತರದ ಒಲವಾದರೆ ಉಲ್ಟಾ ಹೊಡೆಯಬೇಕು. ಒಂದಷ್ಟು ಒಲವೆಂದು ಬಯಲಾಯಿತು, ಹೆಚ್ಚಿನ ಪಾಲು ಉಳಿಯಿತು. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಮೆಚ್ಚುವ ಕೆಲಸ ಇದು. ಹೊಸ ಯಂತ್ರ ತರಲಿಲ್ಲ, ಒಂದು ಪದ ಬದಲಿಸಿದರು.

ಇಂಥ ಎಚ್ಚರ ಎಲ್ಲೆಡೆ ಇಲ್ಲ. 1961ರಲ್ಲಿ ಹರ್ಷ್ ಮತ್ತು ಶೆರಿಕ್, ಇಂದ್ರಿಯ ಯಾವುದೇ ಇರಲಿ ಹಿಂದುಮುಂದು ತಿಳಿಯಲು ಸುಮಾರು 20 ಮಿಲಿಸೆಕೆಂಡ್ ಅಂತರ ಸಾಕು ಎಂದರು. ಆ ಸಂಖ್ಯೆ ಪಠ್ಯಪುಸ್ತಕಗಳಲ್ಲಿ ಮನುಷ್ಯಕುಲದ ಮಿತಿಯೆಂಬಂತೆ ನೆಲೆಯೂರಿತು. ಆದರೆ ಅವರು ಪರೀಕ್ಷಿಸಿದ್ದು ಚೆನ್ನಾಗಿ ಪಳಗಿದವರನ್ನು. ಜೊತೆಗೆ ಸದ್ದು ಒಂದು ಜಾಗದಿಂದ, ಬೆಳಕು ಇನ್ನೊಂದು ಜಾಗದಿಂದ ಬಂದರೆ ಮೊದಲು ಬಂದದ್ದರ ಜಾಗವೇ ಸುಳಿವಾಗುತ್ತದೆ, ಕಾಲವನ್ನು ಗ್ರಹಿಸಬೇಕಾಗಿಯೇ ಇಲ್ಲ. ಜಾಗ ಬೇರೆಯಾದಾಗ ಕೆಲಸ ಸುಲಭವಾಗುತ್ತದೆಂದು ಝಂಪಿನಿ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಅಷ್ಟಾದರೂ 20 ಎಂಬ ಸಂಖ್ಯೆಯನ್ನು ಷರತ್ತಿಲ್ಲದೆ ಉಲ್ಲೇಖಿಸುವುದು ನಿಂತಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಇನ್ನು ಸಲಕರಣೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯ ಒಂದೊಂದು ಹೆಜ್ಜೆಯೂ ಸುಮಾರು 16.7 ಮಿಲಿಸೆಕೆಂಡ್. ಬ್ಲೂಟೂತ್ ಇಯರ್‌ಫೋನ್ ಸದ್ದನ್ನು ನೂರು ಮಿಲಿಸೆಕೆಂಡಿಗೂ ಹೆಚ್ಚು ತಡಮಾಡಬಲ್ಲದು. ಜನ ಮನೆಯಲ್ಲೇ ತಮ್ಮ ಲ್ಯಾಪ್‌ಟಾಪಿನ ಮುಂದೆ ಕೂತು ಮಾಡಿದ ಪ್ರಯೋಗದಿಂದ 10 ಮಿಲಿಸೆಕೆಂಡಿನ ವ್ಯತ್ಯಾಸ ಕಂಡೆವು ಎನ್ನುವ ವರದಿಯನ್ನು, ಬೆಳಕು ಸದ್ದುಗಳನ್ನು ಆಸಿಲೋಸ್ಕೋಪಿನಲ್ಲಿ ಹಿಡಿದು ಅಳೆದ ದಾಖಲೆಯಿಲ್ಲದೆ ನಾನು ಒಪ್ಪಲಾರೆ.

ಅಳೆಯುತ್ತಿರುವಾಗಲೇ ವ್ಯಕ್ತಿ ಬದಲಾಗುವುದು ಮಾತ್ರ ಇದಕ್ಕಿಂತ ಗಹನವಾದ ವಿಷಯ. ಬೆಳಕಾದ ಮೇಲೆ ನಿಗದಿತ ಹೊತ್ತು ಬಿಟ್ಟು ಸದ್ದು ಬರುವುದನ್ನು ಕೆಲವು ನಿಮಿಷ ನೋಡುತ್ತ ಕೇಳುತ್ತ ಕೂತರೆ, ಏಕಕಾಲದ ಬಿಂದುವೇ ಆ ತಡದ ಕಡೆಗೆ ತುಸು ಸರಿಯುತ್ತದೆಂದು 2004ರಲ್ಲಿ ಫುಜಿಸಾಕಿ ಮತ್ತು ಸಂಗಡಿಗರು ತೋರಿಸಿದರು. ಇದು ವಿಧಾನದ ದೋಷವಲ್ಲ, ಅದರ ದೊಡ್ಡ ಗಳಿಕೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದದ್ದು ಮೊದಲು ಕಂಡು, ಸದ್ದು ತಡವಾಗಿ ಕೇಳಿಸುತ್ತದೆ. ಸದ್ದಿಗೆ 34 ಮೀಟರ್ ದಾಟಲು ಸುಮಾರು 100 ಮಿಲಿಸೆಕೆಂಡ್ ಬೇಕು. ಹತ್ತಿರ ದೂರ ಬದಲಾಗುತ್ತಲೇ ಇರುವ ಲೋಕದಲ್ಲಿ ಮಿದುಳು ಹೊಂದಿಸಿಕೊಳ್ಳುತ್ತಲೇ ಇರಬೇಕು. ಆ ಹೊಂದಾಣಿಕೆ ಕಂಡದ್ದು ಇದೇ ಗುಂಡಿಗಳಿಂದ.

ಹಾಗಿದ್ದರೆ ‘ಇಂಥವರ ಬಿಂದು ಇಷ್ಟು’ ಎಂಬ ಮಾತಿಗೆ ಎಷ್ಟು ಬೆಲೆ? ಇದಕ್ಕೊಂದು ಹಳೆಯ ಪ್ರಸಂಗವಿದೆ. ಗ್ರೀನಿಚ್ ವೀಕ್ಷಣಾಲಯದಲ್ಲಿ ಕಣ್ಣು ದೂರದರ್ಶಕದ ತಂತಿ ದಾಟುವ ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಬಡಿತದ ಮೇಲೆ ಇಟ್ಟು ಸಮಯ ಬರೆಯುತ್ತಿದ್ದರು. ತನಗಿಂತ 0.8 ಸೆಕೆಂಡ್ ತಡವಾಗಿ ಬರೆಯುತ್ತಾನೆಂದು ಅಲ್ಲಿನ ಮುಖ್ಯ ಖಗೋಳಜ್ಞ ಮಾಸ್ಕೆಲಿನ್ 1796ರಲ್ಲಿ ಸಹಾಯಕ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದ. ಮುಂದೆ ಖಗೋಳಜ್ಞ ಬೆಸೆಲ್ ಆ ಪ್ರಸಂಗವನ್ನು ಓದಿ ತಾನೂ ಇತರ ಖಗೋಳಜ್ಞರೊಡನೆ ಹೋಲಿಸಿ ನೋಡಿದ. ನುರಿತವರ ನಡುವೆಯೇ ಒಂದು ಸೆಕೆಂಡಿಗೂ ಮೀರಿದ ವ್ಯತ್ಯಾಸ ಸಿಕ್ಕಿತು. ಅದೇ ಇಬ್ಬರ ನಡುವೆಯೂ ವರ್ಷದಿಂದ ವರ್ಷಕ್ಕೆ ಅದು ಒಂದೇ ಆಗಿರಲಿಲ್ಲ. ಒಬ್ಬನ ನೌಕರಿ ಕಳೆದ ಸಂಖ್ಯೆಗೆ ಅಷ್ಟು ಗಟ್ಟಿತನ ಇರಲಿಲ್ಲ. ಇಂದು ಓದಿನ ತೊಡಕು, ಆಟಿಸಂ ಮುಂತಾದವುಗಳ ಸಂಶೋಧನೆಯಲ್ಲಿ ಇದೇ ಬಗೆಯ ಅಂಕಿಗಳಿಂದ ಜನರನ್ನು ಗುಂಪು ಮಾಡುವಾಗ, ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳಬೇಕೆಂದು ನನ್ನ ಆಗ್ರಹ.

ಪ್ರಸಾರ ಕ್ಷೇತ್ರದ ಎಂಜಿನಿಯರುಗಳು ಪ್ರಶ್ನೆ ಯಾವುದೆಂದು ಹೀಗೆ ಸ್ಪಷ್ಟವಾಗಿ ಹೇಳಿದ್ದಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸು ‘ಗೊತ್ತಾಗುತ್ತದೆಯೇ?’, ‘ಸಹಿಸಬಹುದೇ?’ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ತುಟಿಗೂ ಮಾತಿಗೂ ತಾಳೆ ತಪ್ಪಿದ್ದು ಗೊತ್ತಾಗುವುದು ಸದ್ದು 45 ಮಿಲಿಸೆಕೆಂಡ್ ಮುಂದಾದಾಗ ಅಥವಾ 125 ಹಿಂದಾದಾಗ; ಸಹಿಸಲಾಗದೆ ಹೋಗುವುದು 90 ಮುಂದಾದಾಗ ಅಥವಾ 185 ಹಿಂದಾದಾಗ. ಡಬ್ಬಿಂಗ್ ಕೋಣೆಯಲ್ಲಿ ಕೂತವರು ಮಾತನ್ನು ಒಂದು ಫ್ರೇಮ್ ಹಿಂದಕ್ಕೆ ತಳ್ಳಲು ಅಂಜುವುದಿಲ್ಲ, ಮುಂದಕ್ಕೆ ಎಳೆಯಲು ಯೋಚಿಸುತ್ತಾರೆ. ಸಿನಿಮಾದ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್.