ಒಂದೇ ಸಹಿಯಲ್ಲಿ ಎರಡು ಅಪಾಯ

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ನಿರಪಾಯ ಎಂಬ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಗಡಹಿಂಗ್ಲಜದ ಹಳ್ಳಿಗಳಿಂದ, ಇಚಲಕರಂಜಿಯ ಮಗ್ಗದ ಓಣಿಗಳಿಂದ ಕೊಲ್ಹಾಪುರಕ್ಕೆ ಹೋಗುವ ನಮ್ಮ ಕನ್ನಡ ಮಂದಿ ‘ದುರ್ಬೀನ್ ಹಾಕಿ ನೋಡ್ತಾರಂತ’ ಎಂದಷ್ಟೇ ತಿಳಿದು ಮೇಜಿನ ಮೇಲೆ ಮಲಗುತ್ತಾರೆ. ಮೇದೋಜೀರಕ ಗ್ರಂಥಿಯ ಸಣ್ಣ ಗಡ್ಡೆಯನ್ನೂ ಹಿಡಿಯುವ ಅದರ ಹಿರಿಮೆಯನ್ನು ಯಾರೂ ಅಲ್ಲಗಳೆದಿಲ್ಲ. ಆ ಮಾತು ಬಿಡೋಣ.

ನನ್ನ ತಕರಾರು ಒಪ್ಪಿಗೆ ಪತ್ರಗಳಲ್ಲಿ ರೂಢಿಯಾಗಿರುವ ಒಂದು ಸಾಲಿನ ಬಗ್ಗೆ: ‘ಇಯುಎಸ್ ± ಎಫ್‌ಎನ್‌ಎ’. ಆ ಪ್ಲಸ್-ಮೈನಸ್ ಗುರುತು ನೋಡುವುದನ್ನೂ (ಇಯುಎಸ್) ಸೂಜಿ ಚುಚ್ಚಿ ಮಾದರಿ ತೆಗೆಯುವುದನ್ನೂ (ಎಫ್‌ಎನ್‌ಎ) ಒಂದೇ ಸಹಿಗೆ ಕಟ್ಟಿಹಾಕುತ್ತದೆ. ಬರೀ ನೋಡುವಾಗ ಅನ್ನನಾಳವೋ ಸಣ್ಣ ಕರುಳಿನ ಮೊದಲ ತಿರುವೋ ತೂತಾಗುವುದು ತೀರ ಅಪರೂಪ. ಆದರೂ ತೂತಾದರೆ ಅದಕ್ಕೆ ಕಾರಣ ಯಂತ್ರದಲ್ಲೇ ಇದೆ: ಈ ನಳಿಕೆಯ ತುದಿ ಸಾಮಾನ್ಯ ಎಂಡೋಸ್ಕೋಪಿನದಕ್ಕಿಂತ ಉದ್ದ, ಬಿರುಸು, ಕ್ಯಾಮೆರಾ ಓರೆಯಾಗಿ ನೋಡುತ್ತದೆ, ಗಂಟಲು ದಾಟಿಸುವಾಗ ವೈದ್ಯರು ಅರ್ಧ ಕೈ ಅಂದಾಜಿನಲ್ಲೇ ಸಾಗಬೇಕು. ಕತ್ತಿನ ಮೂಳೆ ಬೆಳೆದಿರುವ ವಯಸ್ಸಾದವರಿಗೆ ಅಪಾಯ ಹೆಚ್ಚು. ಸೂಜಿ ಚುಚ್ಚಿದ ಮೇಲೆ ಲೆಕ್ಕವೇ ಬೇರೆ. ಸುಮಾರು 100ಕ್ಕೆ ಒಬ್ಬರಿಗೆ ರಕ್ತಸ್ರಾವ, ಸೋಂಕು ಅಥವಾ ಮೇದೋಜೀರಕದ ಉರಿಯೂತದಂಥ ತೊಡಕು. ಕಟ್ಟಿದ ಪಿತ್ತನಾಳಕ್ಕೆ ಇದೇ ದಾರಿಯಿಂದ ಸ್ಟೆಂಟ್ ಹಾಕಿದರೆ, ಹಲವು ವರದಿಗಳಲ್ಲಿ ಅದು 100ಕ್ಕೆ 10ರಿಂದ 20.

ಇಲ್ಲಿ ಕೆಲವರು ರೋಗಿಯ ಒಪ್ಪಿಗೆ ಕುರಿತ ಸಮೀರಾ ಕೊಹ್ಲಿ ಪ್ರಕರಣದ 2008ರ ಸುಪ್ರೀಂ ಕೋರ್ಟ್ ತೀರ್ಪನ್ನು ಎದುರಿಡುತ್ತಾರೆ. ಮೊದಲೇ ಯೋಚಿಸಿದ್ದರೆ ತಪಾಸಣೆಗೂ ಚಿಕಿತ್ಸೆಗೂ ಒಟ್ಟಿಗೆ ಒಪ್ಪಿಗೆ ಪಡೆಯಬಹುದು, ದೂರದ ಅಪಾಯಗಳನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ ಎಂದು ತೀರ್ಪು ಹೇಳಿದೆ, ನಿಜ. ಆದರೆ ತಪಾಸಣೆಗೆ ಮಾತ್ರ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಗಣನೀಯ ಅಪಾಯಗಳನ್ನೂ ಬೇರೆ ದಾರಿಗಳನ್ನೂ ತಿಳಿಸಲೇಬೇಕು ಎಂದದ್ದೂ ಅದೇ ತೀರ್ಪು. ಹತ್ತರಲ್ಲಿ ಒಬ್ಬರಿಗೆ ಆಗಬಹುದಾದ ತೊಡಕನ್ನು ದೂರದ್ದು ಎನ್ನಲು ಯಾವ ನ್ಯಾಯ? ರೋಗಿ ಹೆದರಿ ಓಡುತ್ತಾನೆಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಹೊಲ ಅಡವಿಡುವ ಮುನ್ನ ಬಡ್ಡಿ ಕೇಳಿ ತಿಳಿಯುವ ಮನುಷ್ಯ ಇದನ್ನೂ ತೂಗಬಲ್ಲ.

ಸಹಿ ಪಡೆದಲ್ಲಿಗೆ ಹೊಣೆ ಮುಗಿಯದು. ಮೇದೋಜೀರಕದ ಸುತ್ತ ಕಟ್ಟಿದ ಕೀವು ಇಳಿಸಲು ಇದೇ ದಾರಿಯಿಂದ ಹಾಕುವ ಲೋಹದ ಸ್ಟೆಂಟನ್ನು ಸಾಮಾನ್ಯವಾಗಿ ನಾಲ್ಕು ವಾರದೊಳಗೆ ತೆಗೆಯಬೇಕು. ಒಳಗೇ ಬಿಟ್ಟರೆ ರಕ್ತನಾಳ ಉಜ್ಜಿ ಜೀವಕ್ಕೆ ಕುತ್ತಾಗಬಹುದು. ನೋವು ನಿಂತಿತೆಂದು ಪಾಳಿಗೆ ಮರಳುವ ಮಗ್ಗದ ಕಾರ್ಮಿಕನಿಗೆ ಆ ತಾರೀಖನ್ನು ಕನ್ನಡದಲ್ಲಿ ಬರೆದುಕೊಡಬೇಕು. ಹೊಟ್ಟೆನೋವು ಬೆನ್ನಿಗೆ ಹರಿದರೆ, ಚಳಿಜ್ವರ ಬಂದರೆ, ಮಲ ಕಪ್ಪಾದರೆ ಬೆಳಗಾಗುವುದನ್ನು ಕಾಯದೆ ಬರಬೇಕೆಂದು ಮನೆಯವರನ್ನು ಕೂರಿಸಿ ಹೇಳಬೇಕು.