ಬಿಲ್ಲಿನ ಹೊರಮೈಗೆ ಉಳಿ ತಾಗಬಾರದು

ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿದವರಿಗೆ ಗೊತ್ತು: ಅಲ್ಲಿ ಕೊನೆಗೆ ಮರ ಕಾಣುವುದೇ ಇಲ್ಲ. ಹಗುರ ಮರದ ತುಂಡುಗಳನ್ನು ಜೋಡಿಸಿ, ಮರದ ಪುಡಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟವನ್ನು ಸಂದುಗಳಿಗೆ ತುಂಬಿ, ಮೇಲೆ ಬಿಳಿ ಬಳಿದು ಬಣ್ಣ ಕೊಟ್ಟರೆ ಒಳಗೆ ಗಂಟಿತ್ತೋ ಬಿರುಕಿತ್ತೋ ಯಾರಿಗೂ ತಿಳಿಯದು. ಆ ಕಲೆಯ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಬಿಲ್ಲು ಮಾಡುವವನಿಗೆ ಆ ಅನುಕೂಲವಿಲ್ಲ. ಒಂದೇ ತುಂಡು ಮರ, ತುಂಬಲು ಕಿಟ್ಟವಿಲ್ಲ, ಮುಚ್ಚಲು ಬಣ್ಣವಿಲ್ಲ. ತೆಗೆದದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ಮರದ ಕೆಲಸಗಳಲ್ಲಿ ಇಷ್ಟು ನಿಷ್ಠುರವಾದದ್ದು ಇನ್ನೊಂದನ್ನು ನಾನು ಕಂಡಿಲ್ಲ. ಈ ವಾರ ಅದರ ಬಗ್ಗೆಯೇ ಬರೆಯಬೇಕೆನಿಸಿತು.

ನಮ್ಮ ಸೀಮೆಗೆ ಬಿಲ್ಲು ಹೊರಗಿನದಲ್ಲ. ಗಂಗಾವತಿ ಕಡೆಯ ಕುಮ್ಮಟದುರ್ಗದ ಕುಮಾರರಾಮನನ್ನು ಬೇಡ ಸಮುದಾಯದವರು ಇಂದಿಗೂ ತಮ್ಮ ಮನೆಯ ಗಂಡುಗಲಿ ಎಂದೇ ನೆನೆಯುತ್ತಾರೆ. ಆನೆಗೊಂದಿಯನ್ನು ಕಿಷ್ಕಿಂಧೆ ಎಂದು ನಂಬಿದ ಜನಕ್ಕೆ, ರಾಮ ಒಂದೇ ಬಾಣದಲ್ಲಿ ಏಳು ಮರ ತೂರಿ ಸುಗ್ರೀವನನ್ನು ಒಪ್ಪಿಸಿದ್ದು ತಮ್ಮೂರ ಸುದ್ದಿ. ಹೊಳೆ ದಾಟಿ ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟವರ ಸಾಲಿದೆ. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿದರೆ ಅರ್ಜುನ ಮತ್ಸ್ಯಯಂತ್ರ ಹೊಡೆಯುತ್ತಿದ್ದಾನೆ, ಮನ್ಮಥ ಶಿವನಿಗೆ ಗುರಿ ಹಿಡಿದಿದ್ದಾನೆ. ಆ ಚಿತ್ರ ಬರೆದವರು ತಮ್ಮ ಪೂರ್ವಜರೇ ಎಂದು ಕಿನ್ನಾಳದವರು ಹೇಳಿಕೊಳ್ಳುತ್ತಾರೆ.

ಬೇಟೆಯ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚಿಗರಿಗೆ ಬಾಣ ಬಿಡುವುದು ಅಪರಾಧ. ಅದೇ ಸರಿ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೇ ಒಂದು ಧಾಮವಿದೆ. ಬೇಟೆ ಹೋಗಲಿ, ಬೇಟೆಗಾರನ ಕೈಯಲ್ಲಿದ್ದ ವಿದ್ಯೆ ಏಕೆ ಹೋಗಬೇಕು? ಕಣಿಕೆಯ ಸೂಡುಗಳನ್ನು ಒತ್ತಾಗಿ ಕಟ್ಟಿ ಗೋಡೆಗೆ ಒರಗಿಸಿದರೆ ಅದಕ್ಕಿಂತ ಒಳ್ಳೆಯ ಗುರಿ ಬೇಕಿಲ್ಲ.

ಮರ ಯಾವುದು? ಬಿಲ್ಲಿಗೆ ಹೆಸರಾದದ್ದು ದಡಸಲು. ಎಲೆ ಉದುರುವ ಕಾಡಿನ ಈ ಮರ ಬಾಗುತ್ತದೆ, ಮುರಿಯುವುದಿಲ್ಲ. ಬಂಡಿಯ ಮೂಕಿಗೆ, ಕೊಡಲಿ ಕಾವಿಗೆ ಬಳಸಿದವರಿಗೆ ಅದರ ಗುಣ ಗೊತ್ತು. ಆದರೆ ಅದಕ್ಕಾಗಿ ಕಾಡಿಗೆ ಕೊಡಲಿ ಒಯ್ಯುವಂತಿಲ್ಲ. ಬಿದಿರಿಗೆ ಆ ತೊಡಕಿಲ್ಲ. 2017ರ ತಿದ್ದುಪಡಿಯ ನಂತರ ಕಾಡಿನಾಚೆ ಬೆಳೆದ ಬಿದಿರನ್ನು ಕೇಂದ್ರದ ಅರಣ್ಯ ಕಾಯ್ದೆ ಮರವೆಂದು ಎಣಿಸುವುದಿಲ್ಲ. ಮೇದಾರರ ಓಣಿಗೆ ಹೋಗಿ, ಬುಟ್ಟಿಗೆ ಸೀಳುವ ಎಳೆ ಬಿದಿರಲ್ಲ, ಮೂರು ವರ್ಷ ದಾಟಿ ಬಲಿತ, ಗೋಡೆ ದಪ್ಪನೆಯ ಬುಡದ ತುಂಡು ಬೇಕೆಂದು ಕೇಳಿ. ಅವರು ಬೆರಳಿನಿಂದ ಬಡಿದು ಸದ್ದಿನಲ್ಲೇ ಆರಿಸಿ ಕೊಡುತ್ತಾರೆ. ಅಮಾವಾಸ್ಯೆಯ ಹೊತ್ತಿಗೆ ಕಡಿದ ಬಿದಿರಿಗೆ ಹುಳ ಬೀಳುವುದಿಲ್ಲ ಎಂಬುದು ಹಿರಿಯರ ಮಾತು. ಹುಳಕ್ಕೆ ಬೇಕಾದದ್ದು ಬಿದಿರೊಳಗಿನ ಪಿಷ್ಟ. ಅದು ಕಡಿಮೆ ಇರುವಾಗ ಕಡಿದರೆ ಬಾಳಿಕೆ ಹೆಚ್ಚು.

ಆ ಬಿದಿರಿನ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊರಸಿಪ್ಪೆಯ ಹತ್ತಿರ ನಾರಿನ ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಇಡುಕಿರಿದಿವೆ. ಒಳಕ್ಕೆ ಬಂದಂತೆ ಅವು ವಿರಳವಾಗಿ, ಕೊನೆಗೆ ಬೆಂಡಿನಂಥ ತಿರುಳೇ ಹೆಚ್ಚು. ಬಿಲ್ಲಿನ ಇಡೀ ಗುಟ್ಟು ಇಲ್ಲಿದೆ. ಹೆದೆ ಎಳೆದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಒಳಮೈ ಕುಗ್ಗುತ್ತದೆ. ಹಿಗ್ಗುವ ಕಡೆಯಲ್ಲಿ ಒಂದು ನಾರು ಕಡಿದರೂ ಬಿರುಕು ಅಲ್ಲಿಂದಲೇ ಏಳುತ್ತದೆ. ಆದ್ದರಿಂದ ಬಿದಿರಿನ ಸಿಪ್ಪೆಯೇ ಬಿಲ್ಲಿನ ಹೊರಮೈ ಆಗಬೇಕು, ಅದಕ್ಕೆ ಉಳಿ ತಾಗಬಾರದು. ಗಿಣ್ಣುಗಳ ಚೂಪನ್ನು ಮಾತ್ರ ಮೆಲ್ಲಗೆ ತೀಡಬಹುದು. ಕೆತ್ತನೆಯೆಲ್ಲ ಒಳಮೈಯಲ್ಲಿ. ಮರದ ಬಿಲ್ಲಾದರೂ ಇದೇ ನೇಮ: ಗರಗಸದಿಂದ ಕೊಯ್ಯದೆ ಬೆಣೆ ಹೊಡೆದು ಸೀಳಬೇಕು. ಗರಗಸ ಗೆರೆ ಹಾಕಿದತ್ತ ಹೋಗುತ್ತದೆ, ಬೆಣೆ ನಾರು ಹೋದತ್ತ ಹೋಗುತ್ತದೆ.

ಉದ್ದ ಐದೂವರೆ ಅಡಿ ಇದ್ದರೆ ಸಾಮಾನ್ಯ ಎತ್ತರದವರಿಗೆ ಸಾಕು. ಹಿಡಿಯ ಕಡೆ ಒಂದೂವರೆ ಅಂಗುಲ ಅಗಲ, ತುದಿಗೆ ಬರುವಷ್ಟರಲ್ಲಿ ಅರ್ಧ ಅಂಗುಲ. ಮೊದಲು ಬಾಚಿ, ಆಮೇಲೆ ಕೀಸುಳಿ, ಕೊನೆಗೆ ಗಾಜಿನ ಚೂರು. ಕೆಲಸ ನುಣುಪಾದಷ್ಟೂ ಹತಾರು ಸಣ್ಣದಾಗಬೇಕು. ಇದಕ್ಕೊಂದು ಗಣಿತವಿದೆ. ಅಗಲ ಅರ್ಧವಾದರೆ ಬಿಗಿಯೂ ಅರ್ಧವಾಗುತ್ತದೆ, ಅಷ್ಟೆ. ದಪ್ಪ ಅರ್ಧವಾದರೆ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಾಗದದಷ್ಟು ತೆಳ್ಳನೆಯ ಒಂದು ಪದರ ಕೆರೆದರೂ ಬಾಗು ಬದಲಾಗುವುದು ಇದರಿಂದ.

ಬಾಗು ಹದಗೊಳಿಸುವುದೇ ನಿಜವಾದ ಬಿಲ್ಗಾರಿಕೆ, ಉಳಿದದ್ದು ಬಡಗಿತನ. ಗೋಡೆಗೆ ಗಟ್ಟಿ ಗೂಟ ಬಡಿದು, ಅದರ ಮೇಲೆ ಬಿಲ್ಲಿನ ನಡುವನ್ನು ಕೂರಿಸಿ, ಸಡಿಲ ಹೆದೆಗೆ ಹಗ್ಗ ಕಟ್ಟಿ ಕೆಳಕ್ಕೆ ಎಳೆಯುತ್ತ ದೂರ ನಿಂತು ನೋಡಬೇಕು. ಎರಡೂ ತೋಳು ಒಂದೇ ಸಮ ಬಾಗುತ್ತಿವೆಯೇ? ಒಂದು ಕಡೆ ಮೊಣಕೈಯಂತೆ ಮಡಿಯುತ್ತಿದೆಯೇ? ಮಡಿಯುವ ಜಾಗವನ್ನು ಮತ್ತೆ ಮುಟ್ಟಬಾರದು. ಅದರ ಅಕ್ಕಪಕ್ಕದ ಬಿಗಿ ಜಾಗವನ್ನು ಕೆರೆದು, ಹೊರೆಯನ್ನು ಅತ್ತ ಹಂಚಬೇಕು. ಕೆರೆದ ಕೂಡಲೇ ತೀರ್ಪು ಕೊಡುವಂತಿಲ್ಲ. ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟ ಮೇಲೆಯೇ ಮರ ಹೊಸ ಬಾಗಿಗೆ ಒಗ್ಗುತ್ತದೆ. ಅವಸರದವರಿಗೆ ಈ ಕೆಲಸ ಹೇಳಿದ್ದಲ್ಲ. ಕಾರ್ಖಾನೆಯ ಫೈಬರ್ ಬಿಲ್ಲುಗಳು ದೂರಕ್ಕೆ ಹೊಡೆಯುತ್ತವೆ, ಗುರಿಯೂ ಕರಾರುವಾಕ್ಕು. ಆದರೆ ಎರಡು ತೋಳುಗಳು ಒಂದಕ್ಕೊಂದು ಸರಿಹೊಂದಿದ ಆ ಗಳಿಗೆ, ಗೂಟದ ಮುಂದೆ ನಿಂತವನಿಗೆ ಮಾತ್ರ ಸಿಗುವ ಸುಖ.

ಇನ್ನು ಹೆದೆ. ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ವಸ್ತು ಹೇಳಿ, ಹೆದೆಗೆ ಆಗುವ ನಾರುಗಳನ್ನೂ ಪಟ್ಟಿ ಮಾಡುತ್ತಾನೆ. ಅದರಲ್ಲಿ ಎಕ್ಕೆಯ ಹೆಸರಿದೆ. ಕುಷ್ಟಗಿ, ಯಲಬುರ್ಗಾದ ಯಾವ ರಸ್ತೆ ಬದಿಯಲ್ಲೂ ಕೇಳುವವರಿಲ್ಲದೆ ಬೆಳೆದಿರುವ ಅದೇ ಎಕ್ಕೆ! ಉದ್ದನೆಯ ಕಡ್ಡಿಗಳನ್ನು ಕೊಯ್ದು ಒಣಗಿಸಿ, ಸಿಪ್ಪೆ ಸುಲಿದು ಉಜ್ಜಿದರೆ ರೇಷ್ಮೆಯ ಹೊಳಪಿನ ಬಿಳಿ ನಾರು ಬರುತ್ತದೆ. ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರ ಬೇಕು. ಪುಂಡಿನಾರೂ ಆಗುತ್ತದೆ, ಆದರೆ ಅದನ್ನು ನೀರಲ್ಲಿ ಕೊಳೆಹಾಕಬೇಕು. ಎಳೆಗಳನ್ನು ಒಂದೊಂದಾಗಿ ಬಲಕ್ಕೆ ಹೊಸೆದು, ಎರಡನ್ನೂ ಕೂಡಿಸಿ ಎಡಕ್ಕೆ ಹೊಸೆದರೆ ಬಿಚ್ಚಿಕೊಳ್ಳುವುದಿಲ್ಲ. ಬಿಲ್ಲು ಎಳೆಯಲು ಬೇಕಾದ ಬಲದ ನಾಲ್ಕು ಪಟ್ಟು ಭಾರ ತಡೆಯುವಂತಿರಬೇಕು. ಕೊಪ್ಪಿಗೆ ಹೆದೆ ಸಿಕ್ಕಿಸಿದ ಮೇಲೆ, ಹೆಬ್ಬೆರಳು ಎತ್ತಿದ ಮುಷ್ಟಿ ಹಿಡಿಗೂ ಹೆದೆಗೂ ನಡುವೆ ಕೂರಬೇಕು, ಅದೇ ಅಳತೆ.

ನಮ್ಮ ಹವೆ ಬಿಲ್ಲಿಗೆ ಒಲಿದಂತೆಯೂ ಇದೆ, ಮುನಿದಂತೆಯೂ ಇದೆ. ಎರೆ ಸೀಮೆಯ ಒಣಗಾಳಿಯಲ್ಲಿ ಬಿದಿರು ನೆರಳಲ್ಲೇ ಚೆನ್ನಾಗಿ ಆರುತ್ತದೆ, ಮಲೆನಾಡಿನವರಂತೆ ಬೂಸಿಗೆ ಹೆದರಬೇಕಿಲ್ಲ. ಆದರೆ ಏಪ್ರಿಲ್, ಮೇ ಬಿಸಿಲಿಗೆ ಮರದ ಪಸೆ ಪೂರ್ತಿ ಆರಿದರೆ ಬಿಲ್ಲು ಪೆಡಸಾಗಿ, ಎಳೆದಾಗ ಸಿಡಿಯುತ್ತದೆ. ಅಗಸೆ ಎಣ್ಣೆಯೋ ಕಾಯಿಸಿದ ಕುಸುಬಿ ಎಣ್ಣೆಯೋ ತೆಳ್ಳಗೆ ಸವರಿ ಇಡಬೇಕು; ಎರಡೂ ನಮ್ಮ ಹೊಲದವೇ, ಎರಡೂ ಮರದ ಮೇಲೆ ಪದರಗಟ್ಟಿ ಒಣಗುವ ಜಾತಿಯವು. ತಗಡಿನ ಮನೆಯ ಅಟ್ಟದ ಮೇಲೆ ಬೇಸಿಗೆಯಲ್ಲಿ ಬಿಲ್ಲನ್ನು ಇಡಬೇಡಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಬಡಿಯುತ್ತದೆ. ಕೆಲಸ ಮುಗಿದ ತಕ್ಷಣ ಹೆದೆ ಇಳಿಸಿ, ಗೋಡೆಗೆ ಒರಗಿಸದೆ ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿ.